ಜೂನಿಯರ್ ವರ್ಷ: ಮಕ್ಕಳಿಗೆ ಪರೀಕ್ಷೆ, ಹೆತ್ತವರಿಗೆ ಎರಡು ಮಾತು

ನಮ್ಮ ಕಡೆ ‘ಜೂನಿಯರ್ ಕಾಲೇಜು’ ಅಂದ್ರೆ ಪಿಯುಸಿ. ಅಮೆರಿಕದಲ್ಲಿ ‘ಜೂನಿಯರ್’ ಅಂದ್ರೆ ಹೈಸ್ಕೂಲಿನ ಮೂರನೇ ವರ್ಷ, ಅಂದರೆ ಹನ್ನೊಂದನೇ ಕ್ಲಾಸಿನಲ್ಲಿ ಓದ್ತಿರೋ ಮಗು. ವಯಸ್ಸಿನ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರ ಒಂದೇ. ಆದ್ರೆ ಊರಲ್ಲಿ ಫಸ್ಟ್ ಪಿಯು ಅಂದ್ರೆ ಎಸ್ಸೆಸ್ಸೆಲ್ಸಿ ಮುಗಿಸಿ ಸ್ವಲ್ಪ ಉಸಿರು ಬಿಡೋ ವರ್ಷ, ನಿಜವಾದ ಯುದ್ಧ ಸೆಕೆಂಡ್ ಪಿಯುನಲ್ಲಿ. ಇಲ್ಲಿ ಅದು ಉಲ್ಟಾ. ಕಾಲೇಜಿನ ಅರ್ಜಿಗಳು ಹನ್ನೆರಡನೇ ಕ್ಲಾಸು ಶುರುವಾದ ಮೂರ್ನಾಲ್ಕು ತಿಂಗಳಲ್ಲೇ ಹೋಗಿಬಿಡುತ್ತವೆ. ಹಾಗಾಗಿ ಅರ್ಜಿ ಓದುವವರ ಕೈಗೆ ಸಿಗುವ ಕೊನೆಯ ಪೂರ್ತಿ ವರ್ಷದ ಅಂಕ ಅಂದ್ರೆ ಹನ್ನೊಂದನೇ ಕ್ಲಾಸಿನದ್ದೇ.

ನಾನು ಟೆಕ್ಸಾಸ್‌ನ ಡಾಲಸ್ ಹತ್ತಿರ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಓದಿದ್ದು ಹಾಸನದಲ್ಲಿ, ಆಮೇಲೆ ಎಂಎಸ್‌ಗೆ ಇಲ್ಲಿಗೆ ಬಂದೆ. ನನಗಿನ್ನೂ ಮಕ್ಕಳಿಲ್ಲ. ಆದ್ರೂ ಐದು ವರ್ಷದಿಂದ ಭಾನುವಾರ ಮಧ್ಯಾಹ್ನ, ನಮ್ಮೂರ ಕನ್ನಡ ಕೂಟದ ಕನ್ನಡ ಕ್ಲಾಸು ಮುಗಿದ ಮೇಲೆ, ಜೂನಿಯರ್ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರ ಜೊತೆ ಕೂತು ಕಾಲೇಜಿನ ವಿಷಯ ಮಾತಾಡ್ತೀನಿ. ಮಕ್ಕಳು ನನ್ನ ‘ಆಂಟಿ’ ಅಂತಾರೆ, ಅವರ ಹೆತ್ತವರನ್ನ ನಾನು ‘ಅಣ್ಣ’, ‘ಅಕ್ಕ’ ಅಂತೀನಿ. ಮಧ್ಯದಲ್ಲಿರೋಳು ಅಂತ ಎರಡೂ ಕಡೆಯವರು ನನ್ನ ಹತ್ರ ಸ್ವಲ್ಪ ಬಾಯಿ ಬಿಡ್ತಾರೆ.

ಈ ಐದು ವರ್ಷದಲ್ಲಿ ನನಗೆ ಒಂದು ವಿಷಯ ಖಚಿತವಾಗಿದೆ. ಜೂನಿಯರ್ ವರ್ಷದಲ್ಲಿ ಮಗು ಮಾಡೋ ಕೆಲಸಗಳ ಪಟ್ಟಿ ಉದ್ದ. ಹೆತ್ತವರು ಮಾಡಬೇಕಾದ್ದು ಎರಡೇ: ದುಡ್ಡಿನ ನಿಜ ಹೇಳೋದು, ವೀಸಾದ ನಿಜ ಹೇಳೋದು. ಇವೆರಡನ್ನ ಬಿಟ್ಟು ನಮ್ಮವರು ಉಳಿದೆಲ್ಲವನ್ನೂ ಮಾಡ್ತಾರೆ.

ಸಿಇಟಿ ತಲೆ, ಅಮೆರಿಕದ ಅರ್ಜಿ

ಮೊದಲು ಈ ಗೊಂದಲ ಯಾಕೆ ಅಂತ ನೋಡೋಣ. ನಾವೆಲ್ಲ ಸಿಇಟಿ ಬರೆದು ಬಂದವರು. ಇಂಜಿನಿಯರಿಂಗ್ ಅಂದ್ರೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ, ರ‍್ಯಾಂಕ್ ಬಂತು, ಆಪ್ಷನ್ ಎಂಟ್ರಿ ಮಾಡಿದ್ವಿ, ಸೀಟು ಬಂತು. ಕಷ್ಟದ ಪದ್ಧತಿ ಇರಬಹುದು, ಆದ್ರೆ ಲೆಕ್ಕ ಕಣ್ಣಿಗೆ ಕಾಣುತ್ತೆ. ಯಾವ ರ‍್ಯಾಂಕಿಗೆ ಯಾವ ಕಾಲೇಜು, ಯಾವ ಬ್ರಾಂಚು ಅಂತ ಹಿಂದಿನ ವರ್ಷದ ಕಟಾಫ್ ನೋಡಿದ್ರೆ ಅಂದಾಜು ಸಿಗುತ್ತೆ.

ಇಲ್ಲಿ ಅಂಥ ಒಂದು ರ‍್ಯಾಂಕ್ ಇಲ್ಲ. ನಾಲ್ಕು ವರ್ಷದ ಅಂಕ, ತಗೊಂಡ ವಿಷಯಗಳ ಕಷ್ಟ, ಎಸ್‌ಎಟಿ ಅಥವಾ ಎಸಿಟಿ ಅಂಕ, ಶಿಕ್ಷಕರ ಪತ್ರ, ಶಾಲೆಯ ಹೊರಗಿನ ಚಟುವಟಿಕೆ, ಪ್ರಬಂಧ — ಎಲ್ಲ ಸೇರಿಸಿ ಓದ್ತಾರೆ. ಒಂದೊಂದು ಕಾಲೇಜು ಒಂದೊಂದಕ್ಕೆ ತೂಕ ಕೊಡುತ್ತೆ. ಪರೀಕ್ಷೆ ವಿಷಯದಲ್ಲೇ ನೋಡಿ: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಪ್ರವೇಶಕ್ಕೆ ಎಸ್‌ಎಟಿ ಅಂಕ ನೋಡೋದೇ ಇಲ್ಲ. ಎಂಐಟಿ 2022ರಲ್ಲಿ ಅದನ್ನ ಮತ್ತೆ ಕಡ್ಡಾಯ ಮಾಡ್ತು. ನಮ್ಮ ಟೆಕ್ಸಾಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ ಕೂಡ ಕೆಲ ವರ್ಷ ಬಿಟ್ಟಿದ್ದು ಆಮೇಲೆ ವಾಪಸ್ ತಂತು. ‘ನಮ್ಮ ಕಸಿನ್ ಮಗಳು ಬರೀಲೇ ಇಲ್ವಂತೆ’ ಅನ್ನೋ ಮಾತು ನಂಬಿಕೊಂಡು ಕೂರೋ ಹಾಗಿಲ್ಲ. ನಿಮ್ಮ ಪಟ್ಟಿಯಲ್ಲಿರೋ ಪ್ರತಿ ಕಾಲೇಜಿನ ವೆಬ್‌ಸೈಟನ್ನ ಆಯಾ ವರ್ಷ ನೋಡ್ಲೇಬೇಕು.

ಟೆಕ್ಸಾಸ್‌ನಲ್ಲಿ ಮಾತ್ರ ಸಿಇಟಿ ನೆನಪಿಸೋ ಒಂದು ಕಾನೂನಿದೆ. 1997ರಲ್ಲಿ ಬಂದದ್ದು. ಶಾಲೆಯ ಕ್ಲಾಸ್ ರ‍್ಯಾಂಕಿನಲ್ಲಿ ಮೇಲಿನ ಶೇ 10ರೊಳಗೆ ಇದ್ದವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಕೆಲವು ಶರತ್ತುಗಳಿವೆ, ಶಾಲೆಯ ಕೌನ್ಸೆಲರ್ ಹೇಳ್ತಾರೆ. ಆಸ್ಟಿನ್ ಕ್ಯಾಂಪಸ್‌ಗೆ ನೂಕುನುಗ್ಗಲು ಜಾಸ್ತಿಯಾಗಿ 2009ರಲ್ಲಿ ಕಾನೂನು ತಿದ್ದಿದರು. ಅಲ್ಲಿಗೆ ಶೇ 6ರ ಗೆರೆ ಇತ್ತು, 2026ರಲ್ಲಿ ಸೇರುವವರಿಂದ ಅದು ಶೇ 5 ಆಯ್ತು.

ಇದನ್ನ ಕೇಳಿದ ಕೂಡಲೇ ನಮ್ಮ ಅಣ್ಣಂದಿರ ಮುಖ ಅರಳುತ್ತೆ. ಆಗ ನಾನು ಎರಡು ಮಾತು ಸೇರಿಸ್ತೀನಿ. ಒಂದು, ಈ ರ‍್ಯಾಂಕ್ ನಿಮ್ಮ ಮಗುವಿನ ಶಾಲೆಯೊಳಗಿನದ್ದು. ಓದೋ ಮಕ್ಕಳೇ ತುಂಬಿರೋ ಶಾಲೆಯಲ್ಲಿ ತುಂಬಾ ಒಳ್ಳೆ ಅಂಕದ ಮಗುವೂ ಆ ಗೆರೆಯಿಂದ ಹೊರಗೆ ಬೀಳಬಹುದು. ಎರಡು, ಸಿಗೋದು ವಿಶ್ವವಿದ್ಯಾಲಯದ ಬಾಗಿಲು, ಬೇಕಾದ ಬ್ರಾಂಚಿನದ್ದಲ್ಲ. ಕಂಪ್ಯೂಟರ್ ಸೈನ್ಸ್‌ಗೆ ಬೇರೆ ಪೈಪೋಟಿ. ಸೀಟು ಬಂತು, ಬ್ರಾಂಚು ಬರ್ಲಿಲ್ಲ ಅನ್ನೋ ಸಂಕಟ ಇಲ್ಲೂ ಇದೆ.

ಮಗುವಿನ ಕೆಲಸ ಮಗುವೇ ಮಾಡ್ಲಿ

ಜೂನಿಯರ್ ವರ್ಷದ ಕ್ಯಾಲೆಂಡರ್ ಹೀಗಿರುತ್ತೆ.

ಅಕ್ಟೋಬರ್‌ನಲ್ಲಿ ಪಿಎಸ್‌ಎಟಿ. ಇದು ಎಸ್‌ಎಟಿಯ ತಾಲೀಮು ಅಂದ್ಕೊಳ್ಳಿ, ಶಾಲೆಯಲ್ಲೇ ನಡೆಯುತ್ತೆ. ಹನ್ನೊಂದನೇ ಕ್ಲಾಸಿನಲ್ಲಿ ಬರೆದದ್ದು ನ್ಯಾಷನಲ್ ಮೆರಿಟ್ ಸ್ಕಾಲರ್‌ಶಿಪ್ ಸ್ಪರ್ಧೆಗೂ ಲೆಕ್ಕಕ್ಕೆ ಬರುತ್ತೆ.

ಚಳಿಗಾಲದಿಂದ ಬೇಸಿಗೆವರೆಗೆ ಎಸ್‌ಎಟಿ ಅಥವಾ ಎಸಿಟಿ. ಎಸ್‌ಎಟಿ 2024ರಿಂದ ಇಲ್ಲಿ ಪೂರ್ತಿ ಕಂಪ್ಯೂಟರ್ ಮೇಲೆ. ಓದು-ಬರಹಕ್ಕೆ 64 ನಿಮಿಷ, ಗಣಿತಕ್ಕೆ 70 ನಿಮಿಷ, ಒಟ್ಟು 1600 ಅಂಕ. ಗಣಿತದ ಭಾಗದಲ್ಲಿ ಪೂರ್ತಿ ಕ್ಯಾಲ್ಕುಲೇಟರ್ ಬಳಸಬಹುದು. ಅಭ್ಯಾಸಕ್ಕೆ ಖಾನ್ ಅಕಾಡೆಮಿಯಲ್ಲಿ ಪುಕ್ಕಟೆ ಪಾಠ ಇದೆ, ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನವರೇ ಅವರ ಜೊತೆ ಕೈಜೋಡಿಸಿ ಮಾಡಿದ್ದು. ಸಾವಿರಾರು ಡಾಲರ್ ಕೋಚಿಂಗ್‌ಗೆ ಕಟ್ಟೋ ಮೊದಲು ಎರಡು ತಿಂಗಳು ಅದನ್ನ ನೆಟ್ಟಗೆ ಮಾಡಿ ನೋಡಿ ಅಂತ ನಾನು ಹೇಳ್ತೀನಿ. ಎರಡು ಸಲ ಬರೆಯೋದು ಸಾಮಾನ್ಯ. ಐದಾರು ಸಲ ಬರೆಸಿ ಮಗುವಿನ ಶನಿವಾರಗಳನ್ನೆಲ್ಲ ತಿನ್ನೋದು ಬೇಡ.

ಏಪ್ರಿಲ್-ಮೇ ಹೊತ್ತಿಗೆ ಶಿಕ್ಷಕರ ಹತ್ರ ಶಿಫಾರಸು ಪತ್ರ ಕೇಳ್ಬೇಕು. ಹನ್ನೊಂದನೇ ಕ್ಲಾಸಿನಲ್ಲಿ ಮುಖ್ಯ ವಿಷಯ ಹೇಳಿಕೊಟ್ಟ ಇಬ್ಬರು ಇದ್ರೆ ಚೆನ್ನ. ಬೇಸಿಗೆ ರಜೆ ಮುಗಿದು ಕೇಳಿದ್ರೆ ಅವರ ಮುಂದೆ ಆಗಲೇ ಉದ್ದದ ಸಾಲು ಇರುತ್ತೆ. ಕೇಳೋದು ಮಗು. ಅಮ್ಮ ಇಮೇಲ್ ಮಾಡೋ ಹಾಗಿಲ್ಲ.

ಕೌನ್ಸೆಲರ್ ಜೊತೆ ಮಗು ಒಂದು ಸಲ ಆದ್ರೂ ಕೂತು ಮಾತಾಡ್ಬೇಕು. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳು ಇರಬೇಕು ಅನ್ನೋದು ಅವರ ರಾಷ್ಟ್ರೀಯ ಸಂಘದ ಶಿಫಾರಸು. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಅದಕ್ಕಿಂತ ಜಾಸ್ತಿ ಇರ್ತಾರೆ. ಹೋಗಿ ಮುಖ ತೋರಿಸದ ಮಗುವಿನ ಬಗ್ಗೆ ಅವರು ಪತ್ರದಲ್ಲಿ ಬರೆಯೋದಾದ್ರೂ ಏನು?

ಆಗಸ್ಟ್ 1ಕ್ಕೆ ಕಾಮನ್ ಆ್ಯಪ್ ಹೊಸ ವರ್ಷಕ್ಕೆ ತೆರೆಯುತ್ತೆ. ಒಂದೇ ಅರ್ಜಿ, ಸಾವಿರಕ್ಕೂ ಹೆಚ್ಚು ಕಾಲೇಜು. ಚಟುವಟಿಕೆಗಳಿಗೆ ಹತ್ತು ಸಾಲು, ಒಂದೊಂದರ ವಿವರಣೆಗೆ 150 ಅಕ್ಷರ. ಪ್ರಬಂಧ 250ರಿಂದ 650 ಪದ.

ಈ ಹತ್ತು ಸಾಲು ತುಂಬಿಸೋಕೆ ನಮ್ಮವರು ಪಡೋ ಪಾಡು ಹೇಳತೀರದು. ಕರಾಟೆ, ಪಿಯಾನೋ, ರೋಬಾಟಿಕ್ಸ್, ಡಿಬೇಟು, ಜೊತೆಗೆ ಎರಡು ವಾರ ಊರಿಗೆ ಹೋದಾಗ ಒಂದು ಶಾಲೆಗೆ ನೋಟ್‌ಬುಕ್ ಹಂಚಿದ ಫೋಟೋ. ಒಬ್ಬ ಅಕ್ಕ ಮಗಳ ಭರತನಾಟ್ಯದ ರಂಗಪ್ರವೇಶವನ್ನ ಅರ್ಜಿಗೆ ಅನುಕೂಲ ಆಗ್ಲಿ ಅಂತಲೇ ಜೂನಿಯರ್ ವರ್ಷಕ್ಕೆ ಇಟ್ಟಿದ್ರು. ಮದುವೆಯಷ್ಟು ಖರ್ಚು. ಮಗಳು ಚೆನ್ನಾಗಿ ಕುಣಿದಳು, ಸಂತೋಷ. ಆದ್ರೆ ಆ ಮೂರು ತಿಂಗಳಲ್ಲಿ ಅವಳ ಕೆಮಿಸ್ಟ್ರಿ ‘ಎ’ಯಿಂದ ‘ಸಿ’ಗೆ ಬಂತು. ನಾಟ್ಯ ಇಷ್ಟ ಇದ್ರೆ ನಾಟ್ಯಕ್ಕಾಗಿ ಮಾಡಿ. ಹತ್ತು ಸಾಲೂ ತುಂಬಬೇಕು ಅಂತ ನಿಯಮ ಇಲ್ಲ.

ಪ್ರಬಂಧದ ವಿಷಯಕ್ಕೆ ಬಂದ್ರೆ, ಅಪ್ಪ ತಿದ್ದಿದ ಪ್ರಬಂಧ ನನಗೆ ಎರಡು ಸಾಲಿನಲ್ಲಿ ಗೊತ್ತಾಗುತ್ತೆ. ಅದರಲ್ಲಿ ‘ನಾಯಕತ್ವ’ ಅನ್ನೋ ಪದ ಇರುತ್ತೆ. ಒಬ್ಬ ಹುಡುಗ ತನ್ನ ಗ್ಯಾರೇಜಿನಲ್ಲಿ ಅಕ್ಕಪಕ್ಕದ ಮಕ್ಕಳ ಸೈಕಲ್ ರಿಪೇರಿ ಮಾಡೋನು. ಅಪ್ಪಂಗೆ ಅದು ಹೇಳಿಕೊಳ್ಳೋ ವಿಷಯ ಅನಿಸ್ಲಿಲ್ಲ, ಮ್ಯಾಥ್ ಒಲಿಂಪಿಯಾಡ್ ಬಗ್ಗೆ ಬರೀ ಅಂದ್ರು. ಹುಡುಗ ಎರಡನ್ನೂ ಬರೆದು ನನಗೆ ತೋರಿಸ್ದ. ಒಲಿಂಪಿಯಾಡ್ ಪ್ರಬಂಧ ಯಾರು ಬೇಕಾದ್ರೂ ಬರೀಬಹುದಿತ್ತು. ಸೈಕಲ್ ಚೈನಿನ ಎಣ್ಣೆ ಕೈಗೆ ಹತ್ತಿದ್ದನ್ನ ಅವನೇ ಬರೀಬೇಕಿತ್ತು. ಅದನ್ನೇ ಕಳಿಸ್ದ.

ಇನ್ನೊಂದು ಕಾನೂನು ಗೊತ್ತಿರಲಿ. ಫರ್ಪಾ ಅಂತ, 1974ರದ್ದು. ಮಗು ಕಾಲೇಜಿಗೆ ಸೇರಿದ ಮೇಲೆ ಅದರ ಅಂಕಪಟ್ಟಿಯ ಹಕ್ಕು ಮಗುವಿನದ್ದೇ. ಶುಲ್ಕ ಕಟ್ಟೋರು ನೀವೇ ಆದ್ರೂ, ಮಗು ಒಪ್ಪಿಗೆ ಕೊಡದೆ ಕಾಲೇಜು ನಿಮಗೆ ಅಂಕ ತೋರಿಸ್ಬೇಕು ಅಂತೇನಿಲ್ಲ. ಇನ್ನೆರಡು ವರ್ಷದಲ್ಲಿ ಪಾಸ್‌ವರ್ಡ್ ನಿಮ್ಮ ಕೈ ತಪ್ಪುತ್ತೆ. ಈಗಿಂದಲೇ ಡೆಡ್‌ಲೈನುಗಳನ್ನ ಮಗು ನೋಡಿಕೊಳ್ಳೋದು ಕಲೀಲಿ.

ಮೊದಲನೇ ಮಾತು: ದುಡ್ಡು

ನಮ್ಮ ಮನೆಗಳಲ್ಲಿ ಸಂಬಳ ಎಷ್ಟು ಅಂತ ಮಕ್ಕಳಿಗೆ ಹೇಳೋ ಪದ್ಧತಿ ಇಲ್ಲ. ‘ನೀನು ಓದು, ಉಳಿದದ್ದು ನಾವ್ ನೋಡ್ಕೋತೀವಿ’ ಅನ್ನೋದೇ ಅಪ್ಪನ ಪ್ರೀತಿ. ಊರಲ್ಲಿ ಸರ್ಕಾರಿ ಸೀಟಿನ ಶುಲ್ಕಕ್ಕೆ ಆ ಮಾತು ನಡೀತಿತ್ತು. ಇಲ್ಲಿ ದೊಡ್ಡ ಹೆಸರಿನ ಎಷ್ಟೋ ಖಾಸಗಿ ಕಾಲೇಜುಗಳಲ್ಲಿ ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ 90 ಸಾವಿರ ಡಾಲರ್ ದಾಟಿದೆ. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿ. ಅದೇ ರಾಜ್ಯದ ವಿಶ್ವವಿದ್ಯಾಲಯದಲ್ಲಿ ರಾಜ್ಯದ ನಿವಾಸಿಗಳಿಗೆ, ಆಸ್ಟಿನ್‌ನ ಉದಾಹರಣೆಯಲ್ಲಿ, ಎಲ್ಲ ಸೇರಿ ವರ್ಷಕ್ಕೆ 30 ಸಾವಿರದ ಆಸುಪಾಸು.

ಇಬ್ಬರೂ ದುಡಿಯೋ ಐಟಿ ಮನೆಗಳ ಪಾಡು ವಿಚಿತ್ರ. ಅಗತ್ಯ ನೋಡಿ ಕೊಡೋ ಸಹಾಯಕ್ಕೆ ಸಂಬಳ ಜಾಸ್ತಿಯಾಯ್ತು. ಮೂರೂವರೆ ಲಕ್ಷ ಡಾಲರ್ ಕೈಯಿಂದ ಕೊಡೋಕೆ ಉಳಿತಾಯ ಸಾಲದಾಯ್ತು. ಮನೆ ಸಾಲ, ಊರಲ್ಲಿ ಅಮ್ಮನ ಔಷಧಿ, ತಂಗಿ ಮದುವೆಗೆ ಕಳಿಸಿದ್ದು — ಇದೆಲ್ಲ ಅರ್ಜಿಯಲ್ಲಿ ಕಾಣಲ್ಲ.

ಹಾಗಾಗಿ ಕಾಲೇಜುಗಳ ಪಟ್ಟಿ ಮಾಡೋ ಮೊದಲು, ಜೂನಿಯರ್ ವರ್ಷದಲ್ಲೇ, ಅಪ್ಪ ಅಮ್ಮ ಮೊದಲು ಇಬ್ಬರೇ ಕೂತು ಒಂದು ಸಂಖ್ಯೆ ಬರ್ಕೋಬೇಕು: ವರ್ಷಕ್ಕೆ ಇಷ್ಟು ಕೊಡಬಲ್ಲೆವು. ಆಮೇಲೆ ಮಗುವನ್ನ ಕೂರಿಸಿಕೊಂಡು ಆ ಸಂಖ್ಯೆ ಹೇಳ್ಬೇಕು. ಆಮೇಲೆ ಮೂರೂ ಜನ ಸೇರಿ ಪ್ರತಿ ಕಾಲೇಜಿನ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ತೆಗೀಬೇಕು. ಕೇಂದ್ರ ಸರ್ಕಾರದ ಸಹಾಯ ಪಡೆಯೋ ಎಲ್ಲ ಕಾಲೇಜುಗಳೂ ಇದನ್ನ ವೆಬ್‌ಸೈಟಲ್ಲಿ ಇಡೋದು 2011ರಿಂದ ಕಡ್ಡಾಯ. ಆದಾಯ, ಆಸ್ತಿ ಹಾಕಿದ್ರೆ ನಿಮ್ಮ ಮನೆಗೆ ಅಂದಾಜು ಎಷ್ಟು ಬೀಳುತ್ತೆ ಅಂತ ಅದು ಹೇಳುತ್ತೆ. ಕೆಲವೊಮ್ಮೆ ಭಯ ಹುಟ್ಟಿಸೋ ಬೆಲೆಯ ಕಾಲೇಜೇ ನಿಮಗೆ ಅಗ್ಗ ಬೀಳಬಹುದು, ಯಾಕಂದ್ರೆ ಅವರ ಹತ್ರ ಸಹಾಯಧನ ಹೆಚ್ಚು. ಕೆಲವೊಮ್ಮೆ ಒಂದು ಡಾಲರೂ ಇಳಿಯಲ್ಲ. ಅದು ಜೂನಿಯರ್ ವರ್ಷದಲ್ಲೇ ಗೊತ್ತಾದ್ರೆ ಪಟ್ಟಿ ಬದಲಾಗುತ್ತೆ. ಸೀಟು ಕೈಯಲ್ಲಿ ಹಿಡ್ಕೊಂಡ ಮೇಲೆ ಗೊತ್ತಾದ್ರೆ ಮನೆಯಲ್ಲಿ ಅಳು.

ಅರ್ಲಿ ಡಿಸಿಷನ್ ಅನ್ನೋದರ ಅರ್ಥವೂ ಆಗ ತಿಳಿಯುತ್ತೆ. ನವೆಂಬರ್ ಮೊದಲ ವಾರದ ಹೊತ್ತಿಗೆ ಒಂದೇ ಕಾಲೇಜಿಗೆ ‘ಸೀಟು ಕೊಟ್ರೆ ಬಂದೇ ಬರ್ತೀನಿ’ ಅಂತ ಮಾತು ಕೊಡೋದು. ಉಳಿದ ಕಾಲೇಜುಗಳ ಸಹಾಯಧನ ಹೋಲಿಸಿ ನೋಡೋ ಅವಕಾಶ ಹೋಗುತ್ತೆ. ದುಡ್ಡಿನ ಮಾತು ಆಗದ ಮನೆಯಲ್ಲಿ ಆ ಬಟನ್ ಒತ್ತೋದು ಬೇಡ.

ತೆರಿಗೆಯ ಲೆಕ್ಕವೂ ಈ ವರ್ಷಕ್ಕೇ ಸಂಬಂಧಪಟ್ಟದ್ದು. ಕೇಂದ್ರದ ಸಹಾಯಕ್ಕೆ ತುಂಬುವ ಫಾಫ್ಸಾ ಅರ್ಜಿ ಎರಡು ವರ್ಷ ಹಿಂದಿನ ತೆರಿಗೆ ಪತ್ರ ನೋಡುತ್ತೆ. 2028ರಲ್ಲಿ ಕಾಲೇಜು ಸೇರೋ ಮಗುವಿಗೆ 2026ರ ಆದಾಯ. ಅಂದ್ರೆ ಹತ್ತನೇ ಕ್ಲಾಸಿನ ಜನವರಿಯಿಂದ ಜೂನಿಯರ್ ವರ್ಷದ ಡಿಸೆಂಬರ್‌ವರೆಗೆ. ಆ ವರ್ಷ ಷೇರು ಮಾರಿ ಲಾಭ ಮಾಡಿದ್ರೆ ಅದೂ ಆದಾಯವೇ. ನೀವು ವಾಸ ಮಾಡೋ ಮನೆ, ನಿವೃತ್ತಿ ಖಾತೆ ಫಾಫ್ಸಾದಲ್ಲಿ ಆಸ್ತಿಯ ಲೆಕ್ಕಕ್ಕೆ ಬರಲ್ಲ. ಮೈಸೂರಲ್ಲಿ ನಿಮ್ಮ ಹೆಸರಲ್ಲಿರೋ ಸೈಟು ಬರುತ್ತೆ. ಮಗುವಿನ ಹೆಸರಲ್ಲಿ ಇಟ್ಟ ದುಡ್ಡಿನ ಶೇ 20ರಷ್ಟನ್ನ ಕಾಲೇಜಿಗೆ ಅಂತ ಲೆಕ್ಕ ಹಿಡೀತಾರೆ, ಅಪ್ಪ ಅಮ್ಮನ ಹೆಸರಿನದ್ದಾದ್ರೆ ಹೆಚ್ಚೆಂದ್ರೆ ಶೇ 5.64. ಮಗುವಿನ ಹೆಸರಲ್ಲಿ ಇಡೋದೇ ಮಂಗಳ ಅನ್ನೋ ನಮ್ಮ ನಂಬಿಕೆ ಇಲ್ಲಿ ತುಸು ದುಬಾರಿ.

ಕಮ್ಯುನಿಟಿ ಕಾಲೇಜಿನ ದಾರಿಯನ್ನೂ ಮಾತಿಗೆ ತನ್ನಿ. ಎರಡು ವರ್ಷ ಹತ್ತಿರದ ಕಮ್ಯುನಿಟಿ ಕಾಲೇಜು, ಆಮೇಲೆ ವಿಶ್ವವಿದ್ಯಾಲಯಕ್ಕೆ ವರ್ಗ. ನಮ್ಮವರಿಗೆ ಅದು ‘ಸೀಟು ಸಿಗದವರ ಕಾಲೇಜು’ ಅನ್ನೋ ಭಾವನೆ. ಕೊನೆಗೆ ಕೈಗೆ ಬರೋ ಡಿಗ್ರಿ ವಿಶ್ವವಿದ್ಯಾಲಯದ್ದೇ.

ಎರಡನೇ ಮಾತು: ವೀಸಾ

ದುಡ್ಡಿನ ಮಾತಿಗಿಂತ ಕಷ್ಟದ್ದು ಇದು. ಊರಲ್ಲಿರೋ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ಇಲ್ಲಿ ಎಚ್‌1ಬಿ ಮೇಲೆ ಕೆಲಸ ಮಾಡುವವರ ಮಕ್ಕಳಿಗೆ ಎಚ್‌4 ಅನ್ನೋ ಅವಲಂಬಿತ ವೀಸಾ. ಇಲ್ಲೇ ಹುಟ್ಟಿದ ಮಗು ಅಮೆರಿಕದ ಪ್ರಜೆಯಾಗಿರುತ್ತೆ, ಎರಡು ವರ್ಷದ್ದಿದ್ದಾಗ ಬೆಂಗಳೂರಿಂದ ಬಂದ ಮಗು ಎಚ್‌4ನಲ್ಲೇ ಇರುತ್ತೆ. ಒಂದೇ ಮನೆಯಲ್ಲಿ ಅಕ್ಕ ಎಚ್‌4, ತಮ್ಮ ಪ್ರಜೆ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ಐಟಿಯವರಿಗೆ ನಾನು ಹೇಳ್ಬೇಕಾಗಿಲ್ಲ. ಅದು ಬರೋದ್ರೊಳಗೆ ಮಗುವಿಗೆ 21 ತುಂಬಿದ್ರೆ ಎಚ್‌4 ಮುಗೀತು. ಆಮೇಲೆ ಓದೋಕೆ ಎಫ್‌1 ವಿದ್ಯಾರ್ಥಿ ವೀಸಾಗೆ ಬದಲಾಗ್ಬೇಕು, ಇಲ್ಲಾ ದೇಶ ಬಿಡಬೇಕು. 21 ತುಂಬೋದು ಕಾಲೇಜಿನ ನಡುವೆ.

ಕಾಲೇಜಿಗೆ ಸೇರೋ ಮುಂಚೆಯೂ ವ್ಯತ್ಯಾಸ ಇದೆ. ಎಚ್‌4 ಮಗು ಬೇಸಿಗೆಯಲ್ಲಿ ಐಸ್‌ಕ್ರೀಮ್ ಅಂಗಡಿಯಲ್ಲೂ ಸಂಬಳಕ್ಕೆ ಕೆಲಸ ಮಾಡೋ ಹಾಗಿಲ್ಲ. ಫಾಫ್ಸಾ ಮೂಲಕ ಸಿಗೋ ಕೇಂದ್ರದ ಸಹಾಯ, ಸಾಲ ಯಾವುದೂ ಇಲ್ಲ. ಕೆಲವು ಸ್ಕಾಲರ್‌ಶಿಪ್‌ಗಳ ಬಾಗಿಲು ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡಿನವರಿಗೆ ಮಾತ್ರ.

ಮೂರು ವರ್ಷದ ಹಿಂದೆ ನನ್ನ ಭಾನುವಾರದ ಗುಂಪಿಗೆ ಒಬ್ಬ ಹುಡುಗಿ ಬರ್ತಿದ್ಲು. ಅಪ್ಪ ಅಮ್ಮ ಶಿವಮೊಗ್ಗದ ಕಡೆಯವರು. ಅವಳು ನಾಲ್ಕು ವರ್ಷದವಳಿದ್ದಾಗ ಬಂದದ್ದು. ಶಾಲೆಯ ಪತ್ರಿಕೆಗೆ ಬರೆಯೋಳು, ಪತ್ರಿಕೋದ್ಯಮ ಓದ್ಬೇಕು ಅನ್ನೋ ಆಸೆ. ಅಪ್ಪ ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಮಾತೇ ಆಡ್ತಿರ್ಲಿಲ್ಲ. ಒಂದು ವರ್ಷದಿಂದ ಮನೆಯಲ್ಲಿ ಅದೇ ಜಗಳ. ‘ನಮ್ಮಪ್ಪಂಗೆ ನಾನು ಬರೆಯೋದು ಒಂದು ಕೆಲಸ ಅಂತಲೇ ಅನಿಸಲ್ಲ ಆಂಟಿ’ ಅಂತಿದ್ಲು.

ಒಂದಿನ ಸ್ಕಾಲರ್‌ಶಿಪ್ ಫಾರ್ಮ್ ತುಂಬ್ತಾ ನನ್ನ ಕಡೆ ಲ್ಯಾಪ್‌ಟಾಪ್ ತಿರುಗಿಸಿದ್ಲು. ‘ಆಂಟಿ, ಇದರಲ್ಲಿ ಪ್ರಜೆ, ಪರ್ಮನೆಂಟ್ ರೆಸಿಡೆಂಟ್, ಎರಡೂ ಅಲ್ಲ ಅಂತ ಮೂರು ಇದೆ. ನಾನು ಯಾವುದು?’ ಹದಿಮೂರು ವರ್ಷದಿಂದ ಇಲ್ಲೇ ಇದ್ದ ಹುಡುಗಿ. ‘ಅಪ್ಪನ್ನ ಕೇಳು ಪುಟ್ಟಿ’ ಅಂದೆ. ಅದು ನಾನು ಹೇಳೋ ವಿಷಯ ಆಗಿರ್ಲಿಲ್ಲ.

ಅವತ್ತು ಸಂಜೆ ಅವರಮ್ಮಂಗೆ ಫೋನ್ ಮಾಡ್ದೆ. ‘ಅವಳಿಗ್ಯಾಕೆ ಟೆನ್ಷನ್ ಅಂತ ಹೇಳಿರ್ಲಿಲ್ಲ ಕಣೇ. ಗ್ರೀನ್ ಕಾರ್ಡ್ ಬಂದ್ರೆ ಹೇಳೋ ಅಗತ್ಯನೇ ಇರಲ್ವಲ್ಲ ಅಂದ್ಕೊಂಡ್ವಿ’ ಅಂದ್ರು. ‘ಅಕ್ಕಾ, ಅವಳು ಫಾರ್ಮಿನಲ್ಲಿ ಆಗ್ಲೇ ನೋಡಿದಾಳೆ. ನಿಮ್ಮ ಬಾಯಿಂದ ಕೇಳಲಿ’ ಅಂದೆ.

ಮುಂದಿನ ಭಾನುವಾರ ಮೂರೂ ಜನ ಬಂದ್ರು. ಮನೆಯಲ್ಲೇ ಮಾತಾಗಿತ್ತು. ಅಪ್ಪ ಕಾಗದದ ಮೇಲೆ ಎಲ್ಲ ಬರೆದು ತೋರಿಸಿದ್ರಂತೆ: ಗ್ರೀನ್ ಕಾರ್ಡ್ ಅರ್ಜಿ ಹಾಕಿದ್ದು ಯಾವಾಗ, ಸಾಲು ಎಲ್ಲಿದೆ, ಅವಳಿಗೆ 21 ಯಾವಾಗ. ಎಫ್‌1ನಲ್ಲಿ ಓದಿದವರಿಗೆ ಡಿಗ್ರಿ ಆದ ಮೇಲೆ ಒಂದು ವರ್ಷ ಕೆಲಸ ಮಾಡೋ ಅನುಮತಿ, ವಿಜ್ಞಾನ-ತಂತ್ರಜ್ಞಾನದ ಪಟ್ಟಿಯಲ್ಲಿರೋ ಡಿಗ್ರಿಗೆ ಇನ್ನೂ 24 ತಿಂಗಳು. ‘ಅದಕ್ಕೇ ಕಂಪ್ಯೂಟರ್ ಸೈನ್ಸ್ ಅಂದಿದ್ದು. ಮೂರು ವರ್ಷ ಆದ್ರೂ ಸಿಗ್ಲಿ ಅಂತ’ ಅಂದಿದ್ರಂತೆ.

ಹುಡುಗಿಗೆ ಸಿಟ್ಟು ಇಳಿದಿರ್ಲಿಲ್ಲ. ನನ್ನ ಮುಂದೆಯೇ ಅಪ್ಪನ್ನ ಕೇಳಿದ್ಲು: ‘ಒಂದು ವರ್ಷ ನನ್ನ ಜೊತೆ ಜಗಳ ಆಡಿದ್ದು ಇದಕ್ಕಾ? ನಾನು ಬರೆಯೋದು ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ.’ ಅಣ್ಣ ಏನೂ ಹೇಳ್ಲಿಲ್ಲ. ಅವಳ ಎಲ್ಲ ಲೇಖನಗಳ ಪ್ರಿಂಟೂ ತನ್ನ ಆಫೀಸ್ ಬ್ಯಾಗಲ್ಲಿ ಇದೆ ಅಂತ ಅವರಮ್ಮ ಹೇಳಿದ್ರು.

ಆಮೇಲೆ ಕೆಲಸ ಬೇಗ ಬೇಗ ಆಯ್ತು, ಯಾಕಂದ್ರೆ ಮೂವರೂ ಒಂದೇ ಲೆಕ್ಕ ನೋಡ್ತಿದ್ರು. ವಲಸೆ ವಕೀಲರ ಹತ್ರ ಅವಳನ್ನೂ ಕರ್ಕೊಂಡು ಹೋದ್ರು. 2002ರ ಒಂದು ಕಾನೂನಿನಿಂದ ಕೆಲವರಿಗೆ ವಯಸ್ಸಿನ ಲೆಕ್ಕ ಸ್ವಲ್ಪ ಸಡಿಲ ಆಗುತ್ತೆ. ಅದು ಪ್ರತಿ ಮನೆಗೂ ಬೇರೆ, ವಕೀಲರೇ ಹೇಳಬೇಕು. ಪಟ್ಟಿಯಲ್ಲಿದ್ದ ಪ್ರತಿ ಕಾಲೇಜಿಗೂ ಅವಳೇ ಇಮೇಲ್ ಬರೆದಳು: ಎಚ್‌4 ಇರೋರಿಗೆ ರಾಜ್ಯದ ನಿವಾಸಿಗಳ ಶುಲ್ಕ ಸಿಗುತ್ತಾ? ಎಫ್‌1ಗೆ ಬದಲಾದ್ರೆ ಆ ಶುಲ್ಕ ಉಳಿಯುತ್ತಾ? ನಿಮ್ಮ ಸ್ವಂತ ಸ್ಕಾಲರ್‌ಶಿಪ್‌ಗೆ ನಾನು ಅರ್ಹಳಾ? ರಾಜ್ಯದಿಂದ ರಾಜ್ಯಕ್ಕೆ, ಕಾಲೇಜಿಂದ ಕಾಲೇಜಿಗೆ ಉತ್ತರ ಬೇರೆ ಬೇರೆ ಬಂತು. ಉತ್ತರ ಸರಿ ಕೊಡದ ಎರಡು ಕಾಲೇಜುಗಳನ್ನ ಅವಳೇ ಪಟ್ಟಿಯಿಂದ ತೆಗೆದಳು.

ಕೊನೆಗೆ ಅವಳು ಆರಿಸಿದ್ದು ಸಂಖ್ಯಾಶಾಸ್ತ್ರ, ಜೊತೆಗೆ ಪತ್ರಿಕೋದ್ಯಮ ಮೈನರ್. ಅಪ್ಪನ ಆಯ್ಕೆಯೂ ಅಲ್ಲ, ಅವಳ ಮೊದಲ ಆಸೆಯೂ ಅಲ್ಲ. ಈಗ ಎರಡನೇ ವರ್ಷ, ಕಾಲೇಜಿನ ಪತ್ರಿಕೆಯಲ್ಲಿ ಅಂಕಿಅಂಶದ ವರದಿ ಬರೀತಾಳೆ. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ಎಫ್‌1 ಕಾಗದಪತ್ರ ಜೋಡಿಸ್ತಿದ್ದಾರೆ. ಮುಂದೇನು ಅನ್ನೋದು ಆ ಮನೆಯಲ್ಲಿ ಈಗಲೂ ಪ್ರಶ್ನೆಯೇ. ಆದ್ರೆ ಆ ಪ್ರಶ್ನೆ ಏನು ಅಂತ ಮೂವರಿಗೂ ಗೊತ್ತು.

ದೂರದ ಚಿಕ್ಕಪ್ಪ, ಅತ್ತೆ, ಕಸಿನ್‌ಗಳಿಗೆ

ಇದನ್ನ ಓದ್ತಿರೋ ನೀವು ಬೆಂಗಳೂರಲ್ಲೋ ಪುಣೆಯಲ್ಲೋ ಕೆಲಸದಲ್ಲಿರಬಹುದು. ಅಮೆರಿಕದಲ್ಲಿರೋ ಅಕ್ಕನ ಮಗಳು ಈ ವರ್ಷ ಜೂನಿಯರ್ ಇರಬಹುದು. ಅಥವಾ ನಿಮ್ಮ ತಮ್ಮನೇ ಫಸ್ಟ್ ಪಿಯುನಲ್ಲಿ ಇರಬಹುದು. ನೀವು ಮಾಡಬಹುದಾದ್ದು ಚಿಕ್ಕದು, ಆದ್ರೆ ಬೇಕಾದ್ದು.

ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ‘ಹಾರ್ವರ್ಡಾ, ಸ್ಟ್ಯಾನ್‌ಫರ್ಡಾ?’ ಅಂತ ಕೇಳ್ಬೇಡಿ. ಅಜ್ಜಿಯೂ ಕೇಳದ ಹಾಗೆ ನೋಡ್ಕೊಳ್ಳಿ. ಮಗುವಿಗೆ ಬೇರೆಯಾಗಿ ಫೋನ್ ಮಾಡಿ, ಏನು ಓದೋಕೆ ಇಷ್ಟ ಅಂತ ಕೇಳಿ, ಸುಮ್ನೆ ಕೇಳಿಸ್ಕೊಳ್ಳಿ. ಅಪ್ಪ ಅಮ್ಮ ಹೇಳದ ವಿಷಯ ನಿಮಗೆ ಗೊತ್ತಿದ್ರೆ ಅದನ್ನ ಮಗುವಿಗೆ ನೀವು ಹೇಳೋಕೆ ಹೋಗ್ಬೇಡಿ. ಅಕ್ಕ-ಭಾವಂಗೆ ಫೋನ್ ಮಾಡಿ, ನೀವೇ ಹೇಳಿಬಿಡಿ ಅಂತ ಒತ್ತಾಯ ಮಾಡಿ. ಮನೆಯಲ್ಲಿ ಆ ಮಾತಾಡೋ ಧೈರ್ಯ ಕೆಲವೊಮ್ಮೆ ತಂಗಿಯ ಫೋನಿಂದಲೇ ಬರುತ್ತೆ.

ಊರಲ್ಲಿರೋ ತಮ್ಮನ ವಿಷಯದಲ್ಲೂ ಇದೇ. ವೀಸಾ ಬದಲು ಅಲ್ಲಿ ಮ್ಯಾನೇಜ್‌ಮೆಂಟ್ ಸೀಟಿನ ದುಡ್ಡು, ಅಪ್ಪನ ಸಾಲ, ಹಾಸ್ಟೆಲ್ ಖರ್ಚು ಇರುತ್ತೆ. ಆಪ್ಷನ್ ಎಂಟ್ರಿ ರಾತ್ರಿ ಈ ಮಾತು ಮೊದಲ ಸಲ ಬಂದ್ರೆ ತಡವಾಗಿರುತ್ತೆ. ಫಸ್ಟ್ ಪಿಯುನಲ್ಲೇ ಆಗ್ಲಿ.

ಜೂನಿಯರ್ ಮಗು ಇರೋ ಮನೆಯವರಿಗೆ ನಾನು ಮೊದಲ ಭಾನುವಾರವೇ ಒಂದು ಹೋಮ್‌ವರ್ಕ್ ಕೊಡ್ತೀನಿ, ನಿಮಗೂ ಅದೇ. ಈ ವಾರ ಒಂದು ರಾತ್ರಿ ಊಟ ಆದ ಮೇಲೆ ಟಿವಿ ಆಫ್ ಮಾಡಿ. ಒಂದು ಹಾಳೆಯ ಮೇಲೆ ಎರಡು ಸಾಲು ಬರೀರಿ: ವರ್ಷಕ್ಕೆ ಎಷ್ಟು ಕೊಡಬಲ್ಲೆವು, ನಮ್ಮ ವೀಸಾ ಎಲ್ಲಿದೆ. ಮಗುವಿನ ಮುಂದೆ ಇಡಿ. ಪ್ರಶ್ನೆ ಕೇಳೋಕೆ ಬಿಡಿ. ಎಸ್‌ಎಟಿ ಪುಸ್ತಕ ಮಾರನೇ ದಿನ ತೆಗೆದ್ರೂ ನಡೆಯುತ್ತೆ.